ಹಳೆಯ ಶೆಫೀಲ್ಡ್ ಬೋವಿ ಚಾಕು ಕೊಳ್ಳುವ ಮುನ್ನ: ನನಗೆ ಮಾರಲಾದ ಒಂದು ನಕಲಿಯ ವಿವರ

ಅಮೆರಿಕದಲ್ಲಿ ನೆಲೆಸಿ ಹಳೆಯ ಬೋವಿ ಚಾಕುಗಳ (ಕಾದಾಟಕ್ಕೆ ಹೆಸರಾದ ದೊಡ್ಡ ಅಲಗಿನ ಅಮೆರಿಕನ್ ಚಾಕುಗಳ) ಸಂಗ್ರಹಕ್ಕೆ ಕೈ ಹಾಕಿರುವ ಕನ್ನಡಿಗರ ಸಂಖ್ಯೆ ದೊಡ್ಡದೇನಲ್ಲ. ಆದರೆ ಟೆಕ್ಸಸ್‌ನ ಚಾಕು ಮೇಳಗಳಲ್ಲಿ ಈಚೆಗೆ ನಮ್ಮವರೂ ಕಾಣಿಸತೊಡಗಿದ್ದಾರೆ, ಮತ್ತು ಅವರಲ್ಲಿ ಇಬ್ಬರು ನನಗೆ ಮೋಸ ಮಾಡಿದ ಮೇಜಿನ ಮುಂದೆಯೇ ನಿಂತು ಬೆಲೆ ವಿಚಾರಿಸುತ್ತಿದ್ದುದನ್ನು ಕಂಡ ಮೇಲೆ ಇದನ್ನು ಬರೆಯುವುದು ಅಗತ್ಯವೆನಿಸಿತು. 1850ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ತಯಾರಾದ ಚಾಕು ಎಂದು ಹೇಳಿ ನನಗೆ 4,200 ಡಾಲರಿಗೆ ಮಾರಿದ ವಸ್ತುವು ವಾಸ್ತವದಲ್ಲಿ ಈಚಿನ ಕಮ್ಮಾರನೊಬ್ಬನ ಅಲಗು, ಬೇರೊಂದು ಚಾಕುವಿಗೆ ಸೇರಿದ್ದ ಹಳೆಯ ಒರೆ ಮತ್ತು ಇನ್ನಾವುದೋ ಚಾಕುವಿನ ಕುರಿತ ಒಂದು ಪತ್ರ, ಈ ಮೂರರ ಜೋಡಣೆಯಾಗಿತ್ತು. ಎಲ್ಲವೂ ಸುಳ್ಳಾಗಿದ್ದರೆ ಅದು ಮೇಜಿನ ಮೇಲೆಯೇ ಸಿಕ್ಕಿಬೀಳುತ್ತಿತ್ತು. ಮೂರರಲ್ಲಿ ಎರಡು ನಿಜವಾಗಿದ್ದುದರಿಂದ ಮೂರನೆಯದೂ ಅವುಗಳ ನೆರಳಿನಲ್ಲಿ ದಾಟಿಕೊಂಡಿತು.

ಇಂಥ ಜೋಡಣೆಗೆ ಬೋವಿ ಚಾಕುವಿನಷ್ಟು ಅನುಕೂಲವಾದ ವಸ್ತು ಇನ್ನೊಂದಿಲ್ಲ ಎಂಬುದಕ್ಕೆ ಅದರ ಇತಿಹಾಸವೇ ಕಾರಣ. 1827ರ ಸೆಪ್ಟೆಂಬರ್ 19ರಂದು ನ್ಯಾಚೆಜ್ ಪಟ್ಟಣದ ಬಳಿ ಮಿಸಿಸಿಪಿ ನದಿಯ ಮರಳದಿಣ್ಣೆಯ ಮೇಲೆ ನಡೆದ ಹೊಡೆದಾಟದಿಂದ ಗಡಿನಾಡಿನ ಸಾಹಸಿ ಜೇಮ್ಸ್ ಬೋವಿಯ ಹೆಸರೂ ಅವನ ಚಾಕುವಿನ ಹೆಸರೂ ಪತ್ರಿಕೆಗಳಿಗೆ ಏರಿದವು. 1836ರ ಮಾರ್ಚ್ 6ರಂದು ಅವನು ಟೆಕ್ಸಸ್‌ನ ಅಲಾಮೋ ಕೋಟೆಯ ಕದನದಲ್ಲಿ ಸತ್ತ ಮೇಲೆ ಆ ಹೆಸರಿಗೆ ವೀರಗಾಥೆಯ ಬಣ್ಣ ಬಂದಿತು. ಅವನ ಅಣ್ಣ ರೆಜಿನ್ ಬೋವಿ 1838ರಲ್ಲಿ ಪತ್ರಿಕೆಗೆ ಬರೆದ ಕಾಗದದಲ್ಲಿ ಮೊದಲ ಚಾಕುವನ್ನು ವರ್ಣಿಸಿದ್ದು ಒಂಬತ್ತೂಕಾಲು ಇಂಚು ಉದ್ದ, ಒಂದೂವರೆ ಇಂಚು ಅಗಲ, ಒಂದೇ ಬದಿಯ ಹರಿತ, ಬಾಗಿಲ್ಲದ ಅಲಗು ಎಂದು. ತುದಿಯಲ್ಲಿ ಬೆನ್ನು ಒಳಕ್ಕೆ ಕೊರೆದಂತಿರುವ, ಇಂದು ಎಲ್ಲರೂ ಬೋವಿ ಎಂದು ಗುರುತಿಸುವ ಆಕಾರಕ್ಕೂ ಆ ವರ್ಣನೆಗೂ ಹೆಚ್ಚಿನ ಹೋಲಿಕೆಯಿಲ್ಲ. ಹೀಗೆ ಮೂಲ ಮಾದರಿಯೇ ಖಚಿತವಾಗಿಲ್ಲದ ವಸ್ತುವಿಗೆ ಅಮೆರಿಕದಲ್ಲಿ ಬೇಡಿಕೆ ಹೆಚ್ಚಿದಾಗ ಅದನ್ನು ಪೂರೈಸಿದವರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದ ತಯಾರಕರು ಮುಂಚೂಣಿಯಲ್ಲಿದ್ದರು. ಜಾರ್ಜ್ ವೋಸ್ಟನ್‌ಹೋಮ್ ಸಂಸ್ಥೆಯ ಐ-ಎಕ್ಸ್-ಎಲ್ ಗುರುತು, ಜೋಸೆಫ್ ರಾಜರ್ಸ್ ಸಂಸ್ಥೆಯ ನಕ್ಷತ್ರ ಮತ್ತು ಶಿಲುಬೆಯ ಗುರುತು ಇವೆಲ್ಲ ಆ ಕಾಲದವು. ಅಸಲಿ ಶೆಫೀಲ್ಡ್ ಅಲಗುಗಳು ಇಂದಿಗೂ ಮಾರುಕಟ್ಟೆಗೆ ಬರುತ್ತವೆ; ನಕಲಿಗಳು ಅವುಗಳ ಪಕ್ಕದಲ್ಲಿಯೇ ಮಲಗಿರುತ್ತವೆ.

ನನಗೆ ತೋರಿಸಿದ ಚಾಕುವಿನ ಅಲಗಿನ ಬುಡದಲ್ಲಿ, ಗಾರ್ಡಿಗೆ (ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಗೆ) ತಾಗಿದಂತಿರುವ ಹರಿತವಿಲ್ಲದ ಚಪ್ಪಟೆ ಭಾಗದ ಮೇಲೆ, ಶೆಫೀಲ್ಡಿನ ಹೆಸರಾಂತ ತಯಾರಕರೊಬ್ಬರ ಹೆಸರಿತ್ತು. ಅದರ ಮೇಲೆ ವಿಕ್ಟೋರಿಯಾ ರಾಣಿಯನ್ನು ಸೂಚಿಸುವ ವಿ ಮತ್ತು ಆರ್ ಅಕ್ಷರಗಳ ನಡುವೆ ಕಿರೀಟವಿತ್ತು. ಅಲಗಿನ ಮೈಮೇಲೆ ಆ ಕಾಲದ ಚಾಕುಗಳಲ್ಲಿ ಕಂಡುಬರುವ ‘ಪೇಟ್ರಿಯಟ್ಸ್ ಸೆಲ್ಫ್ ಡಿಫೆಂಡರ್’ ಎಂಬ ಬರಹವನ್ನು ಆಮ್ಲದಿಂದ ಕೊರೆಯಲಾಗಿತ್ತು. ಗಾರ್ಡು ಜರ್ಮನ್ ಸಿಲ್ವರಿನದು (ತಾಮ್ರ, ನಿಕ್ಕಲ್, ಸತುವಿನ ಮಿಶ್ರಲೋಹ), ಹಿಡಿ ಜಿಂಕೆಯ ಜಾತಿಯ ಕೊಂಬಿನದು. ನಾನು ಕರ್ನಾಟಕದವನೆಂದು ಮಾತಿನ ನಡುವೆ ತಿಳಿದುಕೊಂಡ ಮಾರಾಟಗಾರನು, ಹಿಡಿಯ ಮೇಲೆ ಬೆರಳಾಡಿಸುತ್ತ, ಇದು ನಿಮ್ಮ ಮೈಸೂರು ಸೀಮೆಯ ಕಾಡಿನ ಕಡವೆಯ ಕೊಂಬೇ ಇರಬೇಕು ಎಂದನು. ಶೆಫೀಲ್ಡಿನವರು ಭಾರತದ ಕಡವೆ ಕೊಂಬನ್ನು ತರಿಸಿಕೊಳ್ಳುತ್ತಿದ್ದುದು ನಿಜವಾದುದರಿಂದ ಆ ಮಾತನ್ನು ಅಲ್ಲಗಳೆಯುವಂತಿರಲಿಲ್ಲ. ಗಿರಾಕಿಯ ಊರು ನೋಡಿ ಕಥೆ ಹೆಣೆಯುವ ಆ ಜಾಣ್ಮೆಗೆ ಈಗಲೂ ನನಗೆ ಒಂದು ಬಗೆಯ ಮೆಚ್ಚುಗೆಯಿದೆ. ಜೊತೆಗೆ, ಟೆನೆಸಿಯ ಕುಟುಂಬವೊಂದರ ಹಿರಿಯರು ತಮ್ಮ ಮುತ್ತಜ್ಜ ಅಮೆರಿಕದ ಅಂತರ್ಯುದ್ಧದಲ್ಲಿ (1861-65) ಇಟ್ಟುಕೊಂಡಿದ್ದ ಶೆಫೀಲ್ಡ್ ಚಾಕುವಿನ ಕುರಿತು ಬರೆದು, ನೋಟರಿಯ ಮುದ್ರೆ ಹಾಕಿಸಿದ್ದ ಪತ್ರವೂ ಇತ್ತು.

ಮನೆಗೆ ತಂದ ಕೆಲವು ವಾರಗಳ ನಂತರ, ಬೇರೊಂದು ಚಾಕುವಿನ ದಂತದ ಹಿಡಿಯನ್ನು ಪರೀಕ್ಷಿಸಲೆಂದು ಕತ್ತಲಲ್ಲಿ ನೇರಳಾತೀತ ದೀಪ ಹಚ್ಚಿದಾಗ, ಪಕ್ಕದಲ್ಲಿಟ್ಟಿದ್ದ ಈ ಚಾಕುವಿನ ಹಿಡಿಗೂ ಗಾರ್ಡಿಗೂ ನಡುವಿನ ಸಂದಿಯಲ್ಲಿ ನೀಲಿ ಗೆರೆಯೊಂದು ಹೊಳೆಯಿತು. ಹತ್ತೊಂಬತ್ತನೆಯ ಶತಮಾನದ ಚಾಕುಗಾರರು ಹಿಡಿಯನ್ನು ಕೂರಿಸಲು ರಾಳದ ಅರಗನ್ನು ಬಳಸುತ್ತಿದ್ದರು. ಹಾಗೆ ನೀಲಿಯಾಗಿ ಹೊಳೆಯುವ ಎಪಾಕ್ಸಿ ಅಂಟು ಇಪ್ಪತ್ತನೆಯ ಶತಮಾನದ ನಡುಭಾಗದ ಸರಕು. ಹಳೆಯ ಚಾಕುವಿನ ಸಡಿಲವಾದ ಹಿಡಿಯನ್ನು ಈಚೆಗೆ ಯಾರಾದರೂ ಅಂಟಿಸಿರಬಹುದು ಎಂಬ ಸಾಧ್ಯತೆಯಿದ್ದುದರಿಂದ ಅಷ್ಟಕ್ಕೇ ತೀರ್ಮಾನ ಮಾಡುವಂತಿರಲಿಲ್ಲ. ನಾನೇ ಗ್ಯಾರೇಜಿನಲ್ಲಿ ಸಣ್ಣ ಕುಲುಮೆಯಿಟ್ಟುಕೊಂಡು ಅಲಗುಗಳನ್ನು ಬಡಿಯುವವನಾದ್ದರಿಂದ, ಹಿಡಿಯನ್ನು ಕಾಯಿಸಿ ಬಿಡಿಸುವುದು ಕಷ್ಟವಾಗಲಿಲ್ಲ. ಹಿಡಿಯೊಳಗೆ ಹೋಗುವ ಅಲಗಿನ ಬಾಲ, ಅಂದರೆ ಟ್ಯಾಂಗ್, ಹೊರಗೆ ಬಂದಾಗ ಅದರ ಮೇಲೆ ವಿದ್ಯುತ್ ಸಾಣೆಪಟ್ಟಿಯ ಸಮಾನಾಂತರ ಗೀರುಗಳು ಒಂದಿಷ್ಟೂ ಮಾಸದೆ ಉಳಿದಿದ್ದವು. ಹೊರಗಿನ ಅಲಗು ಮಾತ್ರ ನೂರೈವತ್ತು ವರ್ಷ ಕಂಡಂತೆ ಕಪ್ಪಾಗಿ, ಅಲ್ಲಲ್ಲಿ ತುಕ್ಕಿನ ಗುಳಿ ಬಿದ್ದಿತ್ತು. ಆ ಕಪ್ಪು ಬಣ್ಣವನ್ನೂ ಗುಳಿಗಳನ್ನೂ ತರಿಸುವ ದ್ರಾವಣಗಳು ನನ್ನ ಕಪಾಟಿನಲ್ಲಿಯೂ ಇವೆ. ಡಮಾಸ್ಕಸ್ ಅಲಗಿನ ಪದರಗಳನ್ನು ಎತ್ತಿ ತೋರಿಸಲು ನಾವು ಬಳಸುವ ಫೆರಿಕ್ ಕ್ಲೋರೈಡೇ ಅಲ್ಲಿ ಬೇರೆ ಕೆಲಸ ಮಾಡಿತ್ತು.

ಆಮೇಲೆ ಗುರುತಿನ ಭಾಗವನ್ನು ಹತ್ತುಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿದೆನು, ಮತ್ತು ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ. ಶೆಫೀಲ್ಡಿನವರು ಉಕ್ಕಿಗೆ ಹದ ಕೊಡುವ ಮೊದಲೇ, ಅದು ಮೆತ್ತಗಿರುವಾಗ, ಅಚ್ಚನ್ನು ಹೊಡೆದು ಹೆಸರನ್ನು ಮೂಡಿಸುತ್ತಿದ್ದರು. ಹಾಗೆ ಹೊಡೆದಾಗ ಲೋಹವು ಪಕ್ಕಕ್ಕೆ ಸರಿದು ಅಕ್ಷರದ ಅಂಚು ತುಸು ಉಬ್ಬುತ್ತದೆ, ಅಕ್ಷರದ ತಳ ಒಂದೇ ಆಳದಲ್ಲಿರುವುದಿಲ್ಲ, ಮತ್ತು ಮುಂದಿನ ದಶಕಗಳಲ್ಲಿ ಬಿದ್ದ ತುಕ್ಕಿನ ಗುಳಿಗಳು ಅಕ್ಷರದ ಮೇಲೆಯೂ ಹಾದುಹೋಗಿ ಅದನ್ನು ತಿಂದಿರುತ್ತವೆ. ಈ ಚಾಕುವಿನಲ್ಲಿ ಅದು ತಿರುವುಮುರುವಾಗಿತ್ತು: ಅಕ್ಷರಗಳೇ ಗುಳಿಗಳನ್ನು ಕತ್ತರಿಸಿಕೊಂಡು ಹೋಗಿದ್ದವು, ಅಂದರೆ ಗುಳಿ ಮೊದಲು ಬಂದು ಹೆಸರು ಆಮೇಲೆ ಬಂದಿತ್ತು. ಉಕ್ಕಿನ ಅಳತೆಪಟ್ಟಿಯ ಅಂಚನ್ನು ಎಡಬದಿಯ ಚಪ್ಪಟೆ ಭಾಗದ ಮೇಲೆ ಅಡ್ಡವಾಗಿಟ್ಟು ಹಿಂದಿನಿಂದ ಬೆಳಕು ಬಿಟ್ಟಾಗ ನಡುವೆ ಸಣ್ಣ ತಗ್ಗೊಂದು ಕಂಡಿತು. ಅಲ್ಲಿ ಮೊದಲು ಬೇರೊಬ್ಬರ ಮುದ್ರೆಯಿತ್ತು. ಅದನ್ನು ಸಾಣೆಯಿಂದ ಸವೆಸಿ, ಆ ತಗ್ಗಿನೊಳಗೆ ಶೆಫೀಲ್ಡಿನ ಹೆಸರನ್ನು ಕೊರೆಯಲಾಗಿತ್ತು.

ಯಾರ ಮುದ್ರೆಯೆಂದು ತಿಳಿಯಲಿಲ್ಲ. ಆದರೆ ಅದು ಬಲ್ಲವನ ಕೈಯ ಅಲಗು ಎಂಬುದರಲ್ಲಿ ಅನುಮಾನವಿಲ್ಲ. ತಿಳಿಯಾದ ಆಮ್ಲದಲ್ಲಿ ಒರೆಸಿದಾಗ ಅಂಚಿನ ಉದ್ದಕ್ಕೂ ಹದದ ಗೆರೆ ಎದ್ದು ಬಂದಿತು, ಅಂದರೆ ಅಂಚನ್ನಷ್ಟೇ ಗಟ್ಟಿಮಾಡಿ ಬೆನ್ನನ್ನು ಮೆತ್ತಗೆ ಉಳಿಸಲಾಗಿತ್ತು. ಇದು ಈಚಿನ ಅಮೆರಿಕದ ಕಮ್ಮಾರರಿಗೆ ಪ್ರಿಯವಾದ ರೀತಿ. ಬಿಲ್ ಮೊರಾನ್ ಮತ್ತು ಅವರ ಸಂಗಡಿಗರು 1976ರಲ್ಲಿ ಕಟ್ಟಿದ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿಯು ತನ್ನ ಸದಸ್ಯರಿಗೆ ಒಡ್ಡುವ ಪರೀಕ್ಷೆಯಲ್ಲಿ, ತೂಗುಬಿಟ್ಟ ಒಂದಿಂಚು ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಿ, ಮರದ ತೊಲೆಯನ್ನು ಕಡಿದು, ಆಮೇಲೂ ಕೈಮೇಲಿನ ಕೂದಲನ್ನು ಬೋಳಿಸಿದ ಅಲಗನ್ನು ಕೊನೆಗೆ 90 ಡಿಗ್ರಿಗೆ ಬಗ್ಗಿಸುತ್ತಾರೆ, ಅಲಗು ಮುರಿಯಬಾರದು. ಮೆತ್ತಗಿನ ಬೆನ್ನು ಆ ಬಾಗುವಿಕೆಗೆ ನೆರವಾಗುತ್ತದೆ.

ಸಂದೇಹಕ್ಕೆ ಕೊನೆ ಹಾಡಿದ್ದು ಎಕ್ಸ್‌ಆರ್‌ಎಫ್ ಪರೀಕ್ಷೆ, ಅಂದರೆ ಎಕ್ಸ್-ಕಿರಣ ಬಿಟ್ಟು ಲೋಹದಲ್ಲಿರುವ ಧಾತುಗಳನ್ನು ಅಳೆಯುವ ವಿಧಾನ. ಗುಜರಿ ಲೋಹದ ಅಂಗಳಗಳಲ್ಲಿ ಮಿಶ್ರಲೋಹಗಳನ್ನು ಬೇರ್ಪಡಿಸಲು ಪಿಸ್ತೂಲಿನಾಕಾರದ ಈ ಉಪಕರಣವನ್ನು ದಿನವೂ ಬಳಸುತ್ತಾರೆ, ಮತ್ತು ಅದರಿಂದ ವಸ್ತುವಿಗೆ ಗೀರು ಸಹ ಬೀಳುವುದಿಲ್ಲ. ಅದು ಇಂಗಾಲವನ್ನು ಅಳೆಯಲಾರದು; ಆದರೆ ಕ್ರೋಮಿಯಂ, ಮ್ಯಾಂಗನೀಸ್, ನಿಕ್ಕಲ್‌ಗಳ ಪ್ರಮಾಣವನ್ನು ಕ್ಷಣಗಳಲ್ಲಿ ಹೇಳುತ್ತದೆ. ನನ್ನ ಅಲಗಿನಲ್ಲಿ ಸುಮಾರು ಶೇ. 0.8ರಷ್ಟು ಕ್ರೋಮಿಯಂ ಕಂಡಿತು. 1850ರ ದಶಕದ ಶೆಫೀಲ್ಡಿನ ಮೂಸೆ ಉಕ್ಕು ಕಬ್ಬಿಣ ಮತ್ತು ಇಂಗಾಲದ ಸರಳ ಉಕ್ಕು. ಬೇಕೆಂದೇ ಕ್ರೋಮಿಯಂ ಬೆರೆಸಿದ ಉಕ್ಕು ವ್ಯಾಪಾರಕ್ಕೆ ಬಂದದ್ದು 1860ರ ದಶಕದ ಉತ್ತರಾರ್ಧದ ನಂತರ. ಶೇ. 0.8ರ ಆಸುಪಾಸಿನ ಕ್ರೋಮಿಯಂ ಇರುವುದು 5160 ಎಂಬ ಈಗಿನ ಸ್ಪ್ರಿಂಗ್ ಉಕ್ಕಿನಲ್ಲಿ. ಲಾರಿಯ ಸ್ಪ್ರಿಂಗ್ ಪಟ್ಟಿಗಳಿಗೆ ಬಳಕೆಯಾಗುವುದು ಇದೇ ಬಗೆಯ ಉಕ್ಕು, ನಮ್ಮ ಹಳ್ಳಿಗಳ ಕಮ್ಮಾರಸಾಲೆಗಳಲ್ಲಿ ಮಚ್ಚು ಬಡಿಯುವುದೂ ಅಂಥ ಹಳೆಯ ಪಟ್ಟಿಗಳಿಂದಲೇ. ಸ್ಪ್ರಿಂಗ್ ಉಕ್ಕಿನ ಬಗ್ಗೆ ನನಗೆ ಯಾವ ತಾತ್ಸಾರವೂ ಇಲ್ಲ; ಅದಕ್ಕೆ ವಿಕ್ಟೋರಿಯಾ ರಾಣಿಯ ಕಿರೀಟ ತೊಡಿಸಿ ಮಾರಿದ್ದಷ್ಟೇ ಆಕ್ಷೇಪ.

ಒರೆಯು ಮಾತ್ರ ನಿಜವಾಗಿಯೂ ಹಳೆಯದು. ಶೆಫೀಲ್ಡಿನಿಂದ ಬರುತ್ತಿದ್ದ ಅನೇಕ ಒರೆಗಳಂತೆ ಅದೂ ಒತ್ತಿದ ರಟ್ಟಿನ ಮೇಲೆ ತೆಳುವಾದ ಬಣ್ಣದ ಚರ್ಮವನ್ನು ಹೊದಿಸಿ, ಬಾಯಿಗೂ ತುದಿಗೂ ಲೋಹದ ಕಟ್ಟು ಹಾಕಿದ್ದಾಗಿತ್ತು. ಚಾಕುವನ್ನು ಒರೆಗೆ ಸೇರಿಸಿ ಅಲುಗಾಡಿಸಿದಾಗ ಒಳಗೆ ಕಟಕಟ ಸದ್ದಾಗುತ್ತಿತ್ತು. ಬಾಯಿಯ ಒಳಗೋಡೆಯಲ್ಲಿ ಅಲಗು ಉಜ್ಜಿ ಉಜ್ಜಿ ಬಿದ್ದಿದ್ದ ಗೆರೆಗಳು ಇದಕ್ಕಿಂತ ಕಿರಿದಾದ, ಈಟಿಯ ಮೊನೆಯಂಥ ಅಲಗಿನವು. ಪತ್ರದ ವಿಷಯದಲ್ಲಿ ಒಂದು ಸಂಗತಿಯನ್ನು ಎಲ್ಲರೂ ನೆನಪಿಡಬೇಕು: ಅಮೆರಿಕದ ನೋಟರಿಯು ದೃಢೀಕರಿಸುವುದು ಸಹಿ ಹಾಕಿದವರು ಇಂಥವರೇ ಎಂಬುದನ್ನು ಮಾತ್ರ, ಪತ್ರದ ಒಳಗಿನ ಮಾತು ನಿಜವೆಂದಲ್ಲ. ಅದರಲ್ಲಿ ಚಾಕುವಿನ ಉದ್ದವಾಗಲಿ, ಗುರುತಾಗಲಿ, ಚಿತ್ರವಾಗಲಿ ಇರಲಿಲ್ಲ. ‘ಮುತ್ತಜ್ಜನ ಶೆಫೀಲ್ಡ್ ಚಾಕು’ ಎಂದಷ್ಟೇ ಇತ್ತು. ಆ ಕುಟುಂಬದವರು ಸುಳ್ಳು ಬರೆದಿರಲಿಕ್ಕಿಲ್ಲ, ಆದರೆ ಅವರು ಬರೆದದ್ದು ಈ ಚಾಕುವಿನ ಬಗ್ಗೆ ಅಲ್ಲ.

ಮಾರಾಟಗಾರನನ್ನು ಕೇಳಿದಾಗ ತಾನೂ ಅದನ್ನು ನಂಬಿಕೆಯಿಂದಲೇ ಕೊಂಡಿದ್ದಾಗಿ ಹೇಳಿದನು, ಮತ್ತು ರಸೀದಿಯನ್ನು ಓದಿಕೊಳ್ಳುವಂತೆ ಸೂಚಿಸಿದನು. ಅದರಲ್ಲಿ ಬರೆದದ್ದು ‘ಹಳೆಯ ಶೈಲಿಯ ಚಾಕು, ಒರೆ ಸಹಿತ, ಇದ್ದಂತೆಯೇ ಮಾರಾಟ’ ಎಂದು. ಶೆಫೀಲ್ಡ್ ಇಲ್ಲ, 1850 ಇಲ್ಲ, ತಯಾರಕರ ಹೆಸರೂ ಇಲ್ಲ. ವಸ್ತುವಿನ ವರ್ಣನೆಯೇ ವ್ಯವಹಾರದ ಆಧಾರವಾಗಿದ್ದರೆ ಆ ವರ್ಣನೆಯನ್ನು ಇಲ್ಲಿನ ವಾಣಿಜ್ಯ ಕಾನೂನು ಮಾರಾಟಗಾರನ ಭರವಸೆಯೆಂದೇ ಪರಿಗಣಿಸುತ್ತದೆ. ಟೆಕ್ಸಸ್‌ನಲ್ಲಿ 20,000 ಡಾಲರಿನವರೆಗಿನ ತಕರಾರುಗಳನ್ನು ವಕೀಲರಿಲ್ಲದೆಯೂ ಜಸ್ಟಿಸ್ ಕೋರ್ಟಿನಲ್ಲಿ ಹೂಡಬಹುದು. ಆದರೆ ಅಲ್ಲಿ ತೋರಿಸಲು ಆ ವರ್ಣನೆ ಕಾಗದದ ಮೇಲೆ ಇರಬೇಕಲ್ಲವೇ? ಹಣವನ್ನೂ ಅವನ ಕೋರಿಕೆಯಂತೆ, ಸ್ನೇಹಿತರ ನಡುವೆ ಹಣ ಕಳುಹಿಸಲು ಇರುವ ಮಾರ್ಗದಲ್ಲಿ ಆ್ಯಪ್ ಮೂಲಕ ಕೊಡಲಾಗಿತ್ತು. ಆ ಮಾರ್ಗಕ್ಕೆ ಕೊಳ್ಳುವವರ ರಕ್ಷಣೆಯ ಸೌಲಭ್ಯ ಅನ್ವಯಿಸುವುದಿಲ್ಲ. ಶೇ. 3ರ ಶುಲ್ಕ ಉಳಿಯುತ್ತದೆ ಎಂದು ಯಾರಾದರೂ ಹಾಗೆ ಕೇಳಿದರೆ ಶುಲ್ಕವನ್ನು ನೀವೇ ಕೊಡುವುದಾಗಿ ಹೇಳಿ ನೋಡಿ. ಅದಕ್ಕೂ ಒಪ್ಪದವನ ಮೇಜಿನ ಮುಂದೆ ನಿಲ್ಲಬೇಕಾಗಿಲ್ಲ.

ಆದ್ದರಿಂದ ಸಾವಿರ ಡಾಲರು ದಾಟುವ ಯಾವ ಹಳೆಯ ಚಾಕುವಿಗೂ ತಯಾರಕ, ಕಾಲ, ಹಿಡಿಯ ವಸ್ತು, ದುರಸ್ತಿ ಆಗಿದೆಯೇ ಇಲ್ಲವೇ ಎಂಬುದನ್ನು ರಸೀದಿಯಲ್ಲಿಯೇ ಬರೆಸಿ, ಇಂತಿಷ್ಟು ದಿನಗಳೊಳಗೆ ಪರೀಕ್ಷೆಯಲ್ಲಿ ಸುಳ್ಳೆಂದು ಕಂಡರೆ ಹಣ ಹಿಂದಿರುಗಿಸುವ ಷರತ್ತನ್ನು ಸೇರಿಸಿಕೊಳ್ಳಿ. ನೇರಳಾತೀತ ಕೈದೀಪವನ್ನೂ ಭೂತಗನ್ನಡಿಯನ್ನೂ ಜೇಬಿನಲ್ಲಿಟ್ಟುಕೊಂಡು ಹೋದರೆ ಯಾವ ಪ್ರಾಮಾಣಿಕ ವ್ಯಾಪಾರಿಯೂ ಬೇಸರಪಡುವುದಿಲ್ಲ. ಒರೆಯ ಹೊಲಿಗೆಯ ದಾರ ಆ ದೀಪದಲ್ಲಿ ಬೆಳ್ಳಗೆ ಹೊಳೆದರೆ ಅದು ಈಚಿನ ದಾರವಿರುವ ಸಂಭವ ಹೆಚ್ಚು. ಅಲಗಿನ ಮೇಲೆ ‘ಇಂಗ್ಲೆಂಡ್’ ಎಂದಿದ್ದರೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. 1890ರ ಮೆಕಿನ್ಲಿ ಸುಂಕ ಕಾಯ್ದೆಯ ನಂತರವೇ ಆಮದು ಸರಕಿನ ಮೇಲೆ ದೇಶದ ಹೆಸರು ಕಡ್ಡಾಯವಾದದ್ದು, ಆದ್ದರಿಂದ ಅಂತರ್ಯುದ್ಧ ಕಾಲದ್ದೆನ್ನುವ ಚಾಕುವಿನಲ್ಲಿ ಆ ಪದ ಕಂಡರೆ ಮಾರಾಟಗಾರನಿಂದ ಸಮಾಧಾನ ಪಡೆಯಬೇಕು. ವಿ-ಆರ್ ಕಿರೀಟದಿಂದ ಹೆಚ್ಚು ತಿಳಿಯುವುದಿಲ್ಲ. ವಿಕ್ಟೋರಿಯಾ ಆಳಿದ್ದು 1837ರಿಂದ 1901ರವರೆಗೆ.

ಅಲಗು ಬಡಿಯುವ ಹವ್ಯಾಸಿಗಳಿಗೂ ಒಂದು ಮಾತು. ಹಳೆಯ ಮಾದರಿಯ ಬೋವಿಗಳನ್ನು ಮಾಡಿ ಮಾರುವುದರಲ್ಲಿ ತಪ್ಪೇನಿಲ್ಲ, ಆದರೆ ನಿಮ್ಮ ಮುದ್ರೆಯನ್ನು ಹೊರಗಿನ ಚಪ್ಪಟೆ ಭಾಗದ ಮೇಲೆ ಮಾತ್ರ ಹಾಕಿದರೆ ಅದನ್ನು ಸವೆಸುವುದು ಅರ್ಧ ಗಂಟೆಯ ಕೆಲಸ. ಟ್ಯಾಂಗಿನ ಮೇಲೂ, ಹಿಡಿಯ ಒಳಗೆ ಮರೆಯಾಗುವಲ್ಲಿ, ಹೆಸರನ್ನೂ ವರ್ಷವನ್ನೂ ಆಳವಾಗಿ ಹೊಡೆಯಿರಿ. ಈ ಅಲಗನ್ನು ಮಾಡಿದವನು ಹಾಗೆ ಮಾಡಿದ್ದರೆ ಅವನ ಹೆಸರು ಇಂದು ನನಗೆ ತಿಳಿದಿರುತ್ತಿತ್ತು.

ಇಂಥ ಚಾಕುವನ್ನು ಊರಿಗೆ ಒಯ್ಯುವ ಯೋಚನೆಯಿರುವವರು ಎರಡು ಸಲ ಯೋಚಿಸಬೇಕು. ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು, ಮನೆಗೆಲಸ ಅಥವಾ ಬೇಸಾಯದ್ದಲ್ಲವಾದರೆ, ಭಾರತದ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಗೆ ಬರುತ್ತದೆ. ಕಡವೆ ಕೊಂಬಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ, ದಂತದ ಹಿಡಿಯಾದರೆ ಅಮೆರಿಕದಲ್ಲಿಯೂ 2016ರ ನಿಯಮಗಳ ಪ್ರಕಾರ, ನೂರು ವರ್ಷ ಹಳೆಯದು ಎಂಬಂಥ ಯಾವುದಾದರೊಂದು ವಿನಾಯಿತಿಗೆ ದಾಖಲೆ ತೋರಿಸದೆ ರಾಜ್ಯದಿಂದ ರಾಜ್ಯಕ್ಕೆ ಮಾರುವಂತಿಲ್ಲ. ನಕಲಿ ಪ್ರಮಾಣಪತ್ರವಿರುವ ದಂತದ ಚಾಕುವನ್ನು ಕೊಂಡವರು ಹಣ ಕಳೆದುಕೊಳ್ಳುವುದರ ಜೊತೆಗೆ ಕಾನೂನಿನ ತೊಡಕಿಗೂ ಸಿಲುಕಬಹುದು.

ಅದೇ ಕೈಯಿಂದ ಬಂದಂತಿರುವ ಇನ್ನೊಂದು ಚಾಕುವನ್ನು ಈಚೆಗೆ ಅದೇ ಮಾರಾಟಗಾರನ ಮೇಜಿನ ಮೇಲೆ ನೋಡಿದೆನು. ಈ ಬಾರಿ ತಯಾರಕರ ಹೆಸರು ಬೇರೆ, ಪತ್ರ ಜಾರ್ಜಿಯಾದ ಕುಟುಂಬದ್ದು. ಗುರುತಿಸಲು ಸುಲಭವಾದ ಲಕ್ಷಣಗಳಿವೆ: ಅಲಗಿನ ಎಡಬದಿಯ ಬುಡದಲ್ಲಿ ಬೆರಳಿಗೆ ತಾಗುವಷ್ಟು ತಗ್ಗು, ಕಿರೀಟದ ಬಲತುದಿಯ ಮಣಿ ಅರ್ಧಕ್ಕೆ ಮುರಿದಂತಿರುವುದು, ಎಷ್ಟು ಮಸೆದಂತೆ ಕಂಡರೂ ಸ್ವಲ್ಪವೂ ಸವೆಯದ ಆಮ್ಲದ ಬರಹ, ಮತ್ತು ಹಳೆಯದಾದರೂ ಅಲಗಿಗೆ ಹೊಂದದ ಒರೆ. ಹಿಡಿಯನ್ನು ದೀಪದಲ್ಲಿ ನೋಡಬಹುದೇ ಎಂದು ನಾನು ಕೇಳಿದಾಗ ಅವನು ಅದನ್ನು ಬಟ್ಟೆಯಲ್ಲಿ ಸುತ್ತಿ ಮೇಜಿನ ಕೆಳಗಿನ ಪೆಟ್ಟಿಗೆಗೆ ಇಳಿಸಿ, ಇದು ಈಗಾಗಲೇ ಮಾರಾಟವಾಗಿದೆ ಎಂದನು. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಮೇಜಿನ ಮೇಲಿತ್ತು.