ಮಲ್ಟಿ ಇಂಜಿನ್ ರೇಟಿಂಗ್‌ಗೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಎರಡು ಇಂಜಿನ್ ವಿಮಾನ ಹಾರಿಸುವ ಅರ್ಹತೆಗೆ, ಅಂದರೆ ಮಲ್ಟಿ ಇಂಜಿನ್ ರೇಟಿಂಗ್‌ಗೆ, ಫ್ಲೈಯಿಂಗ್ ಸ್ಕೂಲ್ ಹುಡುಕುತ್ತಿರುವವರು ದಯವಿಟ್ಟು ಪೂರ್ತಿ ಓದಿ. ಈ ರೇಟಿಂಗ್‌ನಲ್ಲಿ ಕಲಿಯುವ ಮುಖ್ಯ ವಿದ್ಯೆ ಒಂದೇ: ಒಂದು ಇಂಜಿನ್ ಕೈಕೊಟ್ಟರೆ ಏನು ಮಾಡಬೇಕು. ಅದೊಂದನ್ನೇ ಕಲಿಸದೆ ಪೂರ್ತಿ ಫೀಸು ವಸೂಲಿ ಮಾಡಿದ ಸ್ಕೂಲಿನ ಕಥೆ ಇದು.

ವಿಮಾನ ಪೈಪರ್ ಸೆಮಿನೋಲ್, ಎರಡು ಇಂಜಿನ್ನಿನ ಚಿಕ್ಕ ತರಬೇತಿ ವಿಮಾನ. ಮೇಲೆ ಹೋದ ಮೇಲೆ ಇನ್‌ಸ್ಟ್ರಕ್ಟರ್ "ಈಗ ಲೆಫ್ಟ್ ಇಂಜಿನ್ ಹೋಗತ್ತೆ, ರೆಡಿನಾ?" ಅಂತ ಕೇಳಿ ಕಣ್ಣೆದುರೇ ಎಡ ಥ್ರಾಟಲ್ (ಇಂಜಿನ್ ಪವರ್ ಲಿವರ್) ಎಳೆಯುತ್ತಿದ್ದರು. ಪ್ರತಿ ಸಲ ಎಡದ್ದೇ. ಮೊದಲೇ ಹೇಳಿಬಿಟ್ಟ ಮೇಲೆ ಗುರುತಿಸೋಕೆ ಇನ್ನೇನು ಉಳಿಯಿತು? ಥ್ರಾಟಲ್‌ಗಳಿಗೆ ಚೆಕ್‌ಲಿಸ್ಟ್ ಅಡ್ಡ ಹಿಡಿದು, ಹೇಳದೆ ಒಂದನ್ನು ಎಳೆಯಬೇಕು. ಮೂಗು ಒಂದು ಕಡೆ ತಿರುಗುತ್ತದೆ, ಅದನ್ನು ನೇರ ಮಾಡಲು ರಡ್ಡರ್ (ಮೂಗು ಎಡಬಲ ತಿರುಗಿಸುವ ಕಾಲಿನ ಪೆಡಲ್) ಒತ್ತಬೇಕು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಇಂಜಿನ್ ಹೋಗಿದೆ. ಮಿಕ್ಸ್ಚರ್ (ಇಂಧನ), ಪ್ರಾಪ್ (ಪ್ರೊಪೆಲ್ಲರ್), ಥ್ರಾಟಲ್ ಲಿವರ್ ಎಲ್ಲ ಮುಂದಕ್ಕೆ. ಫ್ಲ್ಯಾಪ್, ಗೇರ್ (ಚಕ್ರ) ಮೇಲಕ್ಕೆ. ಹೋಗಿದೆ ಅನಿಸಿದ ಇಂಜಿನ್ನಿನ ಥ್ರಾಟಲ್ ನಿಧಾನ ಹಿಂದಕ್ಕೆ, ಏನೂ ಬದಲಾಗದಿದ್ದರೆ ಮಾತ್ರ ಅದೇ ಹೋಗಿದೆ ಅಂತ ಖಾತ್ರಿ; ಆಗ ಫೆದರ್, ಅಂದರೆ ಪ್ರಾಪ್ ಅಲಗುಗಳ ಅಂಚು ಗಾಳಿಗೆ ಎದುರಾಗುವಂತೆ ತಿರುಗಿಸುವುದು. ನಡೆಯುತ್ತಿರುವ ಇಂಜಿನ್ ಕಡೆಗೆ ಎರಡು ಮೂರು ಡಿಗ್ರಿ ವಾಲಿಸಿ, ಸ್ಪೀಡ್ ಮೀಟರಿನ ನೀಲಿ ಗೆರೆಯ (ಒಂದೇ ಇಂಜಿನ್‌ನಲ್ಲಿ ಚೆನ್ನಾಗಿ ಏರುವ ವೇಗ) 88 ನಾಟ್ ಬಿಡಬಾರದು.

ಆ ಖಾತ್ರಿ ಮಾಡುವ ಹೆಜ್ಜೆಯನ್ನು ಇವರು ಕಲಿಸದೆ ಬಿಟ್ಟೇ ಬಿಟ್ಟರು. 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾ ಏರ್‌ಲೈನ್‌ನ ಎಟಿಆರ್ 72 ವಿಮಾನ ನದಿಗೆ ಬಿದ್ದು 43 ಜನ ಸತ್ತದ್ದು, ಚೆನ್ನಾಗಿದ್ದ ಇಂಜಿನ್ನನ್ನೇ ಆಫ್ ಮಾಡಿದ್ದರಿಂದ.

ನಿಜವಾಗಿ ಫೆದರ್ ಮಾಡಿ ತೋರಿಸಿ ಅಂದರೆ ಬಂದ ಉತ್ತರ: "ವಾಪಸ್ ಸ್ಟಾರ್ಟ್ ಆಗದಿದ್ರೆ ಯಾರು ಜವಾಬ್ದಾರಿ? ಲಿವರ್ ಮುಟ್ಟಿ ಬಾಯಲ್ಲಿ ಹೇಳಿ, ಸಾಕು." ಸೆಮಿನೋಲ್‌ನಲ್ಲಿ ಆರ್‌ಪಿಎಂ ಸುಮಾರು 950ಕ್ಕಿಂತ ಕೆಳಗಿಳಿದರೆ ಒಳಗಿನ ಪಿನ್‌ಗಳು ಕಚ್ಚಿಕೊಂಡು ಪ್ರಾಪ್ ಫೆದರ್ ಆಗುವುದೇ ಇಲ್ಲ. ತಡ ಮಾಡಿದರೆ ಮುಗಿಯಿತು. ಇದನ್ನು ಒಂದು ಸಲವೂ ಹೇಳಲಿಲ್ಲ. ಥ್ರಾಟಲ್ ಪೂರ್ತಿ ಎಳೆದೇ ರನ್‌ವೇ ಸುತ್ತ ಸರ್ಕ್ಯೂಟ್ ಸುತ್ತಿಸುತ್ತಿದ್ದರು. ಐಡಲ್‌ನಲ್ಲಿ ಸುತ್ತುವ ಪ್ರಾಪ್ ಗಾಳಿಗೆ ಅಡ್ಡ ನಿಂತು ಎಳೆಯುತ್ತದೆ, ಫೆದರ್ ಆದ ಪ್ರಾಪ್ ಹಾಗೆ ಎಳೆಯುವುದಿಲ್ಲ. ಹ್ಯಾಂಡ್‌ಬುಕ್ ನೋಡಿ ಜೀರೋ ಥ್ರಸ್ಟ್‌ಗೆ (ಪ್ರಾಪ್ ಮುಂದಕ್ಕೂ ದೂಡದ, ಹಿಂದಕ್ಕೂ ಎಳೆಯದ ಮಟ್ಟಕ್ಕೆ) ಪವರ್ ಇಟ್ಟರೆ ತಾನೇ ವಿಮಾನ ನಿಜಕ್ಕೂ ಹೇಗೆ ಹಾರುತ್ತದೆ ಅಂತ ಗೊತ್ತಾಗುವುದು?

ಸೇರಿಸಿಕೊಳ್ಳುವಾಗ ಹೇಳಿದ್ದು, "ನಮ್ದು ಟ್ವಿನ್, ಒಂದು ಇಂಜಿನ್ ಹೋದ್ರೂ ಆರಾಮಾಗಿ ಮೇಲೇರತ್ತೆ." ಅರ್ಧ ಪವರ್ ಹೋದರೆ ಏರುವ ಶಕ್ತಿ ಸುಮಾರು ಶೇ. 80 ಹೋಗುತ್ತದೆ. ಬೆಂಗಳೂರಿನ ನೆಲವೇ ಸುಮಾರು 3,000 ಅಡಿ ಎತ್ತರ. 30 ಡಿಗ್ರಿ ಬಿಸಿಲಿದ್ದರೆ ಡೆನ್ಸಿಟಿ ಆಲ್ಟಿಟ್ಯೂಡ್ (ತೆಳು ಗಾಳಿಯಿಂದ ವಿಮಾನಕ್ಕೆ ಅನಿಸುವ ಎತ್ತರ) 5,500 ಅಡಿ ಹತ್ತಿರ. ಪೂರ್ತಿ ಭಾರದ ಸೆಮಿನೋಲ್‌ಗೆ ಒಂದೇ ಇಂಜಿನ್‌ನಲ್ಲಿ ಸರ್ವೀಸ್ ಸೀಲಿಂಗ್ (ಅದರ ಮೇಲೆ ಸರಿಯಾಗಿ ಏರಲಾಗದ ಎತ್ತರ) ಇರುವುದೇ 3,800 ಅಡಿ. ಎಲ್ಲಿಂದ ಆರಾಮಾಗಿ ಏರುತ್ತದೆ? ಟೇಕಾಫ್ ಆದ ಕೂಡಲೇ ಇಂಜಿನ್ ಹೋದರೆ ನೇರ ಮುಂದೆ ಇಳಿಸುವುದು ಹೇಗೆ ಅಂತ ಬ್ರೀಫಿಂಗ್ ಆಗಬೇಕು. ಆಗಲೇ ಇಲ್ಲ.

ಮೋಸ ಹೋದದ್ದು ಖಚಿತವಾಗಿದ್ದು ಲಾಗ್‌ಬುಕ್ ಕೈಗೆ ಬಂದಾಗ. "ವಿಎಂಸಿ ಡೆಮೊ" ಅಂತ ಬರೆದು ಸಹಿ! ಹಾರಿಸದೇ ಇದ್ದ ಪಾಠಕ್ಕೆ ಸಹಿ! ವಿಎಂಸಿ ಅಂದರೆ ಒಂದೇ ಇಂಜಿನ್‌ನಲ್ಲಿ ವಿಮಾನ ಹಿಡಿತದಲ್ಲಿರುವ ಅತಿ ಕಡಿಮೆ ವೇಗ. ಡೆಮೊ ಮಾಡುವುದು ಹೀಗೆ: ಒಂದು ಇಂಜಿನ್ ಐಡಲ್, ಇನ್ನೊಂದು ಫುಲ್ ಪವರ್, ಸೆಕೆಂಡಿಗೆ ಒಂದು ನಾಟ್‌ನಂತೆ ವೇಗ ಇಳಿಸುತ್ತ, ರಡ್ಡರ್ ಸೋಲುವ ಅಥವಾ ಸ್ಟಾಲ್ ಹಾರ್ನ್ (ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ಮುನ್ನೆಚ್ಚರಿಕೆ) ಕೂಗುವ ಮೊದಲ ಕ್ಷಣಕ್ಕೇ ಮೂಗು ಕೆಳಗೆ ಮಾಡಿ ನಡೆಯುವ ಇಂಜಿನ್ನಿನ ಪವರ್ ತೆಗೆಯಬೇಕು. ಕೈ ಆ ಪವರ್ ತೆಗೆಯಲು ಒಪ್ಪುವುದಿಲ್ಲ, ಅದಕ್ಕೇ ಅಭ್ಯಾಸ ಬೇಕು. ಎತ್ತರ ಹೋದಷ್ಟೂ ವಿಎಂಸಿ ಇಳಿದು ಸ್ಟಾಲ್ ವೇಗದ ಹತ್ತಿರ ಬರುತ್ತದೆ. ಎರಡೂ ಒಟ್ಟಿಗೆ ಬಂದರೆ ಸ್ಪಿನ್, ವಿಮಾನ ಗಿರಗಿರ ಸುತ್ತುತ್ತ ಬೀಳುತ್ತದೆ.

ಕೇಳಿದ್ದಕ್ಕೆ ಆಫೀಸಿನವರು: "ಲಾಗ್‌ಬುಕ್‌ನಲ್ಲಿ ಬಂತಲ್ಲ, ಇನ್ನೇನು ಬೇಕು? ಏರ್‌ಲೈನ್‌ನವರು ಸಿಮ್ಯುಲೇಟರ್‌ನಲ್ಲಿ ಕಲಿಸ್ತಾರೆ ಬಿಡಿ." ಇನ್ನೊಮ್ಮೆ ಕೇಳಿದರೆ "ನಿಮ್ಮೊಬ್ರಿಂದನೇ ಕಂಪ್ಲೇಂಟ್." ಆಮೇಲೆ ಫೋನೇ ಎತ್ತಲಿಲ್ಲ. ಸಿಕ್ಕಾಪಟ್ಟೆ ಸಿಟ್ಟು ಬರುತ್ತದೆ, ನಾಚಿಕೆಯೂ ಆಗುತ್ತದೆ.

ದುಡ್ಡು ಕಟ್ಟುವ ಮುಂಚೆ ಫೆದರ್, ಜೀರೋ ಥ್ರಸ್ಟ್, ವಿಎಂಸಿ ಡೆಮೊ ಮೂರೂ ಸಿಲೆಬಸ್‌ನಲ್ಲಿ ಬರಹದಲ್ಲಿ ಕೇಳಿ. "ಅದೆಲ್ಲ ಆಗತ್ತೆ ಬಿಡಿ" ಅಂದರೆ ಎದ್ದು ಬನ್ನಿ. ಹಾರಿಸದ ಪಾಠಕ್ಕೆ ಲಾಗ್‌ಬುಕ್‌ನಲ್ಲಿ ಸಹಿ ಹಾಕಿಸಿಕೊಳ್ಳಬೇಡಿ, ಅವರು ಎಷ್ಟೇ ಅವಸರ ಮಾಡಲಿ.