ಚಿಂಚೋಳಿ ಎತ್ತಿಪೋತ ಫಾಲ್ಸಿಗಿ ಒಂದಿನದ ಗಾಡಿ: ನೀರು ಹೆಂಗ ಅದಾವ ಅಂತ ಕೇಳೇ ಕರ್ಕೊಂಡು ಹೋಗೋ ಕಾಕಾ

ಮೊದಲಿಗೇ ಹೇಳಿಬಿಡ್ತೀನಿ, ಈ ಐದು ಸ್ಟಾರ್ ಗಾಡಿ ಕಾಕಾಗ. ಫಾಲ್ಸಿಗಿ ಸ್ಟಾರ್ ಕೊಡ್ಲಾಕ ನಾವ್ಯಾರ್ರಿ, ಅದು ಮಳಿ ಕೊಟ್ಟಷ್ಟು ಬೀಳ್ತದ. ಆದ್ರ ಆ ಮಳಿ ಎಷ್ಟು ಕೊಟ್ಟದ, ನೀರು ಯಾವಾಗ ಚಲೋ ಇರ್ತಾವ, ಯಾವಾಗ ಆ ಕಡಿ ಕಾಲಿಡಬಾರದು ಅಂತ ತಿಳಿದವ್ರು ಗಾಡಿ ಹೊಡಿಲಾಕ ಸಿಕ್ಕರು ನೋಡ್ರಿ, ಅದಕ್ಕ ಇಷ್ಟುದ್ದ ಬರೀಲತ್ತೀನಿ.

ಇದು ದೊಡ್ಡ ಟ್ರಾವೆಲ್ಸ್ ಏನಲ್ಲ. ನಮ್ಮ ಓಣಿಯವ್ರೇ, ಒಂದು ಕ್ರೂಸರ್ ಇಟ್ಟಾರ, ಮದುವಿ ಜಾತ್ರಿ ದವಾಖಾನಿ ಅಂತ ವರ್ಷ ಪೂರ್ತಿ ಓಡಿಸ್ತಾರ, ಮಳಿಗಾಲದಾಗ ಮಾತ್ರ ಚಿಂಚೋಳಿ ಕಡಿ ಒಂದಿನದ ಟ್ರಿಪ್ ಮಾಡ್ತಾರ. ಕಲಬುರಗಿಯಿಂದ ಮುಂಜಾನಿ ಆರಕ್ಕ ಬಿಟ್ಟು ಎತ್ತಿಪೋತ ಫಾಲ್ಸ್, ಆಮ್ಯಾಲ ಚಂದ್ರಂಪಳ್ಳಿ ಡ್ಯಾಮ್, ಚಿಂಚೋಳಿಯಾಗ ಊಟ, ರಾತ್ರಿ ಎಂಟರೊಳಗ ಮನಿಗಿ. ಡೀಸೆಲ್ ಎಲ್ಲಾ ಸೇರಿ 5,000 ರೂಪಾಯಿ ತಗೊಂಡ್ರು. ನಾವು ದೊಡ್ಡವ್ರು ಸಣ್ಣವ್ರು ಕೂಡಿ ಗಾಡಿ ತುಂಬ ಇದ್ದಿವಿ, ಹಂಗಾಗಿ ತಲಿಗಿ ಲೆಕ್ಕ ಹಾಕಿದ್ರ ಭಾಳೇನ್ ಬೀಳಲಿಲ್ಲ.

ಈಗ ನಂಗ ಭಾಳ ಮನಸ್ಸಿಗಿ ಬಂದ ಮಾತು. ನಾವು ಫೋನ್ ಮಾಡಿ ಈ ಐತವಾರ ಹೋಗೋಣ ಕಾಕಾ ಅಂದೇವು. ಬ್ಯಾರೆಯವ್ರಾದ್ರ ಹ್ಞೂಂ ಅಂದು ಅಡ್ವಾನ್ಸ್ ಕೇಳ್ತಿದ್ರು. ಇವ್ರು, ತಡೀರಿ ಆ ಕಡಿ ಕೇಳಿ ಹೇಳ್ತೀನಿ ಅಂತ ಫೋನ್ ಇಟ್ರು. ಆ ಕಡಿ ಅಂದ್ರ ಫಾಲ್ಸ್ ಹತ್ತಿರದ ತಾಂಡಾದಾಗ ಅವ್ರ ಪರಿಚಯದವ್ರು ಒಬ್ರು ಅದಾರ, ದನ ಮೇಯಿಸ್ಲಾಕ ದಿನಾ ಆ ದಿಕ್ಕಿಗೇ ಹೋಗೋರು. ಅವ್ರಿಗಿ ಕಾಕಾ ಕೇಳೋದು ಒಂದೇ ಮಾತು: "ನೀರು ಕೆಂಪು ಅದಾವೇನು, ಬಿಳಿ ಆಗ್ಯಾವೇನು?" ಕೆಂಪು ಅಂದ್ರ ಮ್ಯಾಲ ಈಗಷ್ಟೇ ಜೋರು ಮಳಿ ಆಗ್ಯದ, ಹಳ್ಳ ಮಣ್ಣು ತೊಳಕೊಂಡು ಬರ್ಲತ್ತದ, ಯಾವ ಗಳಿಗಿಗಿ ಏರ್ತದೋ ಹೇಳ್ಲಾಕ ಬರಲ್ಲ. ಬಿಳಿ ಆಗ್ಯಾವ ಅಂದ್ರ ಮಳಿ ಬಿಟ್ಟು ಹಳ್ಳ ಸಮಾ ಆಗ್ಯದ, ಆದ್ರ ನೀರಿನ ಜೋರು ಇನ್ನೂ ಇಳಿದಿಲ್ಲ. ಹೋಗ್ಲಾಕ ಅದೇ ಟೈಮ್. ನಾವು ಕೇಳಿದ ಐತವಾರ ಕೆಂಪು ಇತ್ತಂತ, ಸಾಫ್ ಬ್ಯಾಡ ಅಂದ್ರು. ಮುಂದಿನ ವಾರ ನಡು ಒಂದಿನ ತಾವೇ ಫೋನ್ ಮಾಡಿ, ಯವ್ವಾ ನಾಳಿಗಿ ರಜಾ ಹಾಕ್ರಿ, ನೀರು ಚಲೋ ಆಗ್ಯಾವ ಅಂದ್ರು. ಕೈಗಿ ಬಂದ ಬಾಡಿಗಿ ಬಿಟ್ಟು ನಮ್ಮ ಜೀವದ ಕಾಳಜಿ ಮಾಡೋ ಮನಷಾ ಎಷ್ಟು ಮಂದಿ ಸಿಗ್ತಾರ ಹೇಳ್ರಿ.

ಇದನ್ನ ಯಾಕ ಇಷ್ಟು ಒತ್ತಿ ಹೇಳ್ತೀನಂದ್ರ ನಮ್ಮ ಭಾಗದ ಫಾಲ್ಸ್ ಜೋಗದಂಗ ಅಲ್ಲ. ಜೋಗ 253 ಮೀಟರ್, ಮಲೆನಾಡಿನ ನದಿ, ಅದರ ಲೆಕ್ಕನೇ ಬ್ಯಾರೆ. ನಮ್ಮಲ್ಲಿ ಜೂನ್‌ದಿಂದ ಸೆಪ್ಟೆಂಬರ್ ತನಕ ಏನು ಮಳಿ ಆಯ್ತೋ ಅಷ್ಟೇ, ಬ್ಯಾಸಿಗ್ಯಾಗ ಹೋದ್ರ ಕರೀ ಕಲ್ಲುಬಂಡಿ ಬಿಟ್ಟು ಏನೂ ಕಾಣಲ್ಲ, ಆಮ್ಯಾಲ ಮಂದಿ ಏನೂ ಇಲ್ಲ ವೇಸ್ಟ್ ಅಂತ ಒಂದು ಸ್ಟಾರ್ ಒಗೀತಾರ. ಅದು ನೋಡಿದ್ರ ನಂಗ ಖರೇ ಹೊಟ್ಟಿ ಉರೀತದ. ಬಿಸಿಲು, ತೊಗರಿ, ಸಿಮೆಂಟ್ ಫ್ಯಾಕ್ಟ್ರಿ ಬಿಟ್ರ ಕಲಬುರಗಿಯಾಗ ಏನದ ಅಂತ ಕೇಳೋರಿಗಿ ಚಿಂಚೋಳಿ ಕಾಡು ಒಮ್ಮಿ ತೋರಿಸಬೇಕು. 2011ರಾಗ ವನ್ಯಜೀವಿಧಾಮ ಅಂತ ಆಗ್ಯದ, ಸುಮಾರು 135 ಚದರ ಕಿಲೋಮೀಟರ್, ದಕ್ಷಿಣ ಭಾರತದಾಗ ಒಣಭೂಮಿಯ ಮೊದಲ ವನ್ಯಜೀವಿಧಾಮ ಅಂತ ಹೆಸರು. ತೇಗ, ಶ್ರೀಗಂಧ ಅದಾವ, ಚಿಗರಿ ಅದಾವ, ತ್ವಾಳ ಅದಾವ.

ದಾರಿ ಬಗ್ಗಿ. ಮಹಾಗಾಂವ ಕ್ರಾಸ್ ಮ್ಯಾಲಿಂದ ಕೋಡ್ಲಿ ಹಾದು ಚಿಂಚೋಳಿ, ಒಟ್ಟು 85 ಕಿಲೋಮೀಟರ್ ಹತ್ತಿರ. ಎರಡೂ ಬಾಜೂ ಹೆಸರು, ಉದ್ದು, ತೊಗರಿ, ಹಸಿರಂದ್ರ ಹಸಿರು, ಕಲಬುರಗಿ ತೊಗರಿಗಿ 2019ರಾಗ ಜಿಐ ಟ್ಯಾಗ್ ಸಿಕ್ಕದ ಅಂತ ಪೋರಗೋಳಿಗಿ ಹೇಳ್ಕೋತ ಹೋದೇವು. ಚಿಂಚೋಳಿ ಹತ್ತಿರ ಬಂದಂಗ ಕರೀ ಎರಿ ಹೊಲ ಕಮ್ಮಿ ಆಗಿ ಮಣ್ಣು ಕೆಂಪಗಾಗ್ತದ. ಕಾಕಾ ಗಾಡಿ ನಿಲ್ಲಿಸಿ ಒಂದು ಕಲ್ಲು ತೋರಿಸಿದ್ರು, ಬೀದರ್ ಕಡಿ ಮನಿ ಬಾವಿ ಕಟ್ಟೋ ಕೆಂಪು ಕಲ್ಲೇ ಅದು, ಮೈ ತುಂಬ ತೂತು. ಮಳಿ ನೀರು ಕುಡದು ಒಳಗ ಇಟ್ಕೋತದ, ಆಮ್ಯಾಲ ಕೆಳಗಿನ ಗಟ್ಟಿ ಕರೀ ಕಲ್ಲು ತಡೆದಲ್ಲಿ ಬುಗ್ಗಿ ಆಗಿ ನಿಧಾನ ಬಿಡ್ತದ. ಬೀದರ್‌ನಾಗ ನೌಬಾದ್ ಹತ್ತಿರ ಬಹಮನಿ ಕಾಲದಾಗ ಕರೇಜ್ ಸುರಂಗ ಕೊರೆದು ನೀರು ತಂದಿದ್ದೂ ಈ ಕಲ್ಲಿನ ಗುಣ ನೋಡೇ. ಮಳಿ ಬಿಟ್ರೂ ಈ ಸೀಮಿ ಹಳ್ಳಗೋಳು ತಟ್ನೆ ಬತ್ತಲ್ಲ, ಯಾಕಂತ ನಂಗ ಅವತ್ತು ತಿಳೀತು.

ಕಡೀ ದಾರಿ ಮಾತ್ರ ಚಲೋ ಇಲ್ಲ, ಕೆಸರು. ಸಣ್ಣ ಕಾರು ಒಯ್ಯಬ್ಯಾಡ್ರಿ. ಗಾಡಿ ಬಿಟ್ಟು ಜರಾ ನಡಿಬೇಕು, ಆಮ್ಯಾಲ ಕಲ್ಲು ಇಳೀಬೇಕು. ನಮ್ಮವ್ವಗ ಮೊಣಕಾಲು ನೋವು, ಎಪ್ಪತ್ತು ದಾಟ್ಯಾವ. ಆಕಿನ್ನ ಮ್ಯಾಲೇ ಕೂಡ್ಸೋಣ ಅಂತ ನಾವು ಮಾತಾಡಿಕೊಂಡ್ರ ಕಾಕಾ ಕೇಳಲಿಲ್ಲ, ಇಷ್ಟು ದೂರ ಬಂದು ಆವಾಜ ಅಷ್ಟೇ ಕೇಳಿ ಹೋಗ್ಬೇಕೇನು ಯವ್ವಾ ನೀನು ಅಂತ ತಾವೇ ಮುಂದ ನಿಂತು, ಒಂದು ಕೈಯಾಗ ಆಕಿ ಕೈ ಹಿಡಿದು ಇನ್ನೊಂದು ಕೈಯಾಗ ಬಡಿಗಿ ಊರಿ, ಯಾವ ಕಲ್ಲು ಅಲ್ಲಾಡ್ತದ ಯಾವುದು ಪಾಚಿ ಹಿಡದದ ಅಂತ ಬಡಿಗಿಲೇ ತಟ್ಟಿ ತಟ್ಟಿ ನೋಡಿ, ಒಂದೊಂದೇ ಹೆಜ್ಜಿ ಇಳಿಸಿದ್ರು. ಬಾಡಿಗಿಯಾಗ ಇದು ಬರಲ್ರಿ.

ಇನ್ನು ಫಾಲ್ಸ್. ನೀರು ಕಾಣೂ ಮೊದಲೇ ತಂಪು ಗಾಳಿ ಮಾರಿಗಿ ಬಡೀತದ. ಬಂಡಿ ಮ್ಯಾಲಿಂದ ನೀರು ಬೀಳೋದು ಒಂದೇ ಸಮ ಅಲ್ಲ, ಒಂದು ಗಳಿಗಿ ದಪ್ಪ, ಒಂದು ಗಳಿಗಿ ಗಾಳಿ ಎಳದಂಗ ಬಾಜೂಕ ಸರೀತಾವ. ಬುಡದಾಗ ತುಂತುರು ಎಷ್ಟು ಇರ್ತದಂದ್ರ ನಾವು ದೂರ ಕುಂತು ರೊಟ್ಟಿ ಗಂಟು ಬಿಚ್ಚಿದ್ರೂ ಖಡಕ್ ರೊಟ್ಟಿ ಹತ್ತು ನಿಮಿಷದಾಗ ಮೆತ್ತಗಾದ್ವು. ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಕಮಲಾಪುರದ ಕೆಂಪು ಬಾಳಿಹಣ್ಣು. ಕಲ್ಲಿನ ಸಂದ್ಯಾಗ ಸಣ್ಣ ಏಡಿಗೋಳು ಇದ್ದವು, ಪೋರಗೋಳು ರೊಟ್ಟಿ ಚೂರು ಹಾಕಿ ಕರೀಲತ್ತಿದ್ವು, ಒಂದು ಹೊರಗ ಬಂದು ಚೂರು ಎಳಕೊಂಡು ಒಳಗ ಹೋಯ್ತು ನೋಡ್ರಿ, ಅವ್ರಿಗಿ ಫಾಲ್ಸ್‌ಗಿಂತ ಅದೇ ದೊಡ್ಡದಾಯ್ತು.

ಅವ್ವ ಸುಮ್ಮ ಕುಂತು ನೋಡ್ಲತ್ತಿದ್ದಳು. ಆಕಿ ತವರುಮನಿ ಚಿಂಚೋಳಿ ಕಡೀನೇ, ಮದುವಿ ಆಗೋಕ ಮೊದಲು ಶ್ರಾವಣದಾಗ ಓಣಿ ಹೆಣ್ಮಕ್ಳೆಲ್ಲಾ ಎತ್ತಿನ ಗಾಡಿ ಕಟ್ಟಿಸ್ಕೊಂಡು ಇಲ್ಲಿಗಿ ಬರ್ತಿದ್ರಂತ. ಇಷ್ಟು ವರ್ಷ ಒಮ್ಮೀನೂ ಹೇಳಿರಲಿಲ್ಲ. ಆ ದಿವ್ಸ ಒಂದೊಂದೇ ಹೊರಗ ಬಂದ್ವು: ದಾರ್‍ಯಾಗ ಹೆಸರುಕಾಯಿ ಹರಕೊಂಡು ತಿಂತಿದ್ದದ್ದು, ಮೊದಲು ನೀರಿಗಿ ಕುಂಕುಮ ಏರಿಸಿ ಆಮ್ಯಾಲೇ ಕಾಲಿಡ್ತಿದ್ದದ್ದು, ಆಕಿ ಗೆಳತಿದು ಕಾಲ್ಗೆಜ್ಜಿ ಒಂದು ನೀರಾಗ ಹೋಗಿ ಮನಿಗಿ ಹೋಗ್ಲಾಕ ಅಂಜಿ ಅತ್ತದ್ದು. ಆಗ ಗಿಡ ಭಾಳ ಇದ್ವು, ಹೊತ್ತು ಕಾಣ್ತಿರಲಿಲ್ಲ ಇಲ್ಲಿ ಅಂದಳು. ನನ್ನ ತಂಗಿ ಫೋನಿನಾಗ ರೆಕಾರ್ಡ್ ಮಾಡಿಟ್ಟಾಳ, ನೀರಿನ ಆವಾಜ ಜೋರಾಗಿ ಅರ್ಧ ಮಾತು ಕೇಳಲ್ಲ, ಆದ್ರೂ ಅದು ನಮಗ ಬಂಗಾರ. ಮನ್ಯಾಗ ಹಿರಿಯರು ಇದ್ರ ದಯವಿಟ್ಟು ಬಿಟ್ಟು ಹೋಗಬ್ಯಾಡ್ರಿ, ಕರ್ಕೊಂಡು ಹೋಗ್ರಿ.

ಕಾಕಾ ಕಡಿಂದ ಎರಡು ಕಟ್ಟುನಿಟ್ಟು ಅದಾವ, ಮೊದಲೇ ಹೇಳ್ತಾರ. ಗಾಡಿಯಾಗ ಬಾಟ್ಲಿ ಇಲ್ಲ. ನೀರು ಬೀಳೋ ಜಾಗದ ತೆಳಗ ಹೋಗಿ ನಿಂದ್ರಂಗಿಲ್ಲ, ಮ್ಯಾಲಿಂದ ನೀರಿನ ಜೋಡಿ ಕಲ್ಲು ಬರ್ತಾವ ಅಂತ. ನಮ್ಮ ತಮ್ಮ ಸೆಲ್ಫಿ ಸಲುವಾಗಿ ಎರಡು ಹೆಜ್ಜಿ ಮುಂದ ಹೋದ್ರೂ ಬೈದು ಹಿಂದ ಕರೆದ್ರು. ಮಾರಿ ಸಣ್ಣದು ಮಾಡ್ಕೊಂಡ, ಆದ್ರ ನಮಗ ಧೈರ್ಯ ಆಯ್ತು. ಮ್ಯಾಲ ಮೋಡ ಕಪ್ಪಗಾದ ಕೂಡ್ಲೇ, ಇನ್ನೂ ಒಂದು ತಾಸು ಇರಬಹುದಿತ್ತು ಅಂತ ನಮಗ ಅನಿಸಿದ್ರೂ, ಏಳ್ರಿ ಅಂದ್ರು, ಎದ್ದೇವು.

ಕಮ್ಮಿ ಅನಿಸಿದ್ದು ಹೇಳಬೇಕಲ್ಲ. ಗಾಡಿ ಹಳೀದು, ಹಿಂದಿನ ಸೀಟು ಅಡ್ಡ ಇರ್ತಾವ, ಬೆನ್ನು ನೋವು ಇದ್ದವ್ರು ನಡುವಿನ ಸೀಟು ಹಿಡೀರಿ, ಎಸಿ ಇಲ್ಲ, ಮಳಿಗಾಲದಾಗ ಬೇಕಾಗಲ್ಲ ಬಿಡ್ರಿ. ಜಾಗದ ಬಗ್ಗಿ ಅಂದ್ರ ನಾವು ಹೋದಾಗ ಹೆಣ್ಮಕ್ಳಿಗಿ ಬಟ್ಟಿ ಬದಲಿ ಮಾಡ್ಲಾಕ ಮರಿ ಕಾಣಲಿಲ್ಲ, ಸೀರಿ ಹಿಡಕೊಂಡು ಮಾಡ್ಕೊಂಡೇವು, ಶೌಚಾಲಯ ಇಲ್ಲ ಅಂತನೇ ತಿಳ್ಕೊಂಡು ಚಿಂಚೋಳಿಯಾಗೇ ಮುಗಿಸಿ ಹೋಗ್ರಿ. ಮತ್ತ ಆ ಪ್ಲಾಸ್ಟಿಕ್. ಕುರ್ಕುರೆ ಪಾಕೀಟು, ಪತ್ರಾವಳಿ, ಒಡೆದ ಬಾಟ್ಲಿ ಗಾಜು, ಅದೂ ಪೋರಗೋಳು ಬರಿಗಾಲಿಲೇ ಆಡೋ ಜಾಗದಾಗ. ಅವ್ವ ಗಾಜು ನೋಡಿ ಕಣ್ಣಾಗ ನೀರು ತಂದಳು, ಕುಂಕುಮ ಏರಿಸ್ತಿದ್ದ ಜಾಗ್ರಿ ಅದು. ಕಾಕಾ ಗಾಡಿಯಾಗ ಒಂದು ಗೊಬ್ಬರ ಚೀಲ ಇಟ್ಟಿರ್ತಾರ, ನಮ್ಮ ಕಸ ನಮ್ಮ ಜೋಡಿ ವಾಪಸ್, ಕೈಗಿ ಸಿಕ್ಕ ಬ್ಯಾರೆಯವ್ರ ಕಸಾನೂ ತುಂಬಿಸಿದ್ರು.

ಚಂದ್ರಂಪಳ್ಳಿ ಡ್ಯಾಮ್ ಚಂದ ಅದ, ಗುಡ್ಡದ ನಡು ನೀರು, ಆದ್ರ ಫಾಲ್ಸ್ ನೋಡಿ ಬಂದ ಕಣ್ಣಿಗಿ ಅದು ತಣ್ಣಗ ಅನಿಸ್ತದ, ಅರ್ಧ ತಾಸು ಸಾಕು. ಈ ಸೀಮಿ ಹಳ್ಳದ ನೀರು ಮುಲ್ಲಾಮಾರಿ, ಕಾಗಿಣಾ ಸೇರಿ ಭೀಮಾಕ್ಕ ಹೋಗ್ತಾವ. ಊಟಕ್ಕ ಚಿಂಚೋಳಿಯಾಗ ಕಾಕಾ ಒಂದು ಖಾನಾವಳಿಗಿ ಒಯ್ದರು, ಬಿಸಿ ಜ್ವಾಳದ ರೊಟ್ಟಿ, ಪುಂಡಿಪಲ್ಯ, ತುಂಬಗಾಯಿ, ಗಟ್ಟಿ ಬ್ಯಾಳಿ, ಪುಂಡಿಪಲ್ಯದಾಗ ಬಳ್ಳೊಳ್ಳಿ ಒಗ್ಗರಣಿ ಬರೋಬರ್ ಬಿದ್ದಿತ್ತು. ತಾಯಿ ಮಗಳು ಇಬ್ರೇ ಬಡೀತಾರ, ರೊಟ್ಟಿ ತಡ ಆಗ್ತದ, ಆದ್ರ ಕಾಯಿರಿ.

ಸ್ವಂತ ಗಾಡಿಯಾಗ ಹೋಗೋರಿಗಿ ಒಂದು ಮಾತು, ಮ್ಯಾಪಿನಾಗ ಬರೇ ಎತ್ತಿಪೋತ ಅಂತ ಹುಡುಕಬ್ಯಾಡ್ರಿ, ನಾಗಾರ್ಜುನಸಾಗರದ ಹತ್ತಿರ ಆಂಧ್ರದಾಗ ಇದೇ ಹೆಸರಿನ ದೊಡ್ಡ ಫಾಲ್ಸ್ ಅದ, ಅಲ್ಲಿಗಿ ದಾರಿ ತೋರಿಸ್ತದ. ಚಿಂಚೋಳಿ ಅಂತ ಸೇರಿಸ್ರಿ, ಮತ್ತ ಊರಾಗ ಇಳಿದು ಮಂದಿನ್ನ ಕೇಳ್ರಿ. ಗಾಡಿ ಇಲ್ಲದವ್ರಿಗಿ ಕಲಬುರಗಿಯಿಂದ ಚಿಂಚೋಳಿಗಿ ಬಸ್ ಅದಾವ, ಮುಂದ ಆಟೋ ಮಾತಾಡಬೇಕು, ವಾಪಸ್ ಬರೋದಕ್ಕೂ ಅದೇ ಆಟೋ ನಿಲ್ಲಿಸ್ಕೋರಿ, ಅಲ್ಲಿ ಫೋನ್ ನೆಟ್ವರ್ಕ್ ಮ್ಯಾಲ ಭರೋಸಾ ಇಡಬ್ಯಾಡ್ರಿ. ಕಾಕಾಗ ಬುಕ್ ಮಾಡೋರಿದ್ರ ತಾರೀಖು ನೀವು ಹೇಳಬ್ಯಾಡ್ರಿ, ಅವ್ರಿಗೇ ಬಿಡ್ರಿ, ಎರಡು ಮೂರು ದಿವ್ಸ ಖಾಲಿ ಇಟ್ಕೊಂಡು ಕಾಯಿರಿ. ಅವ್ವ ಈಗಾಗಲೇ ಮುಂದಿನದು ಮಾತಾಡಿಟ್ಟಾಳ, ಯಾದಗಿರಿ ಜಿಲ್ಲಾ ಚಿಂತನಹಳ್ಳಿಗಿ, ಅಲ್ಲಿ ಗವಿ ಸಿದ್ಧಲಿಂಗೇಶ್ವರನ ಗುಡಿ ಮುಂದೇ ನೀರು ಬೀಳ್ತಾವ. ಆ ಕಡಿ ಕೇಳ್ಲಾಕ ಯಾರರೆ ಅದಾರೇನು ಅಂತ ಕಾಕಾ ಹುಡುಕ್ಲತ್ತಾರ.