ಪಿಕ್ಸೆಲ್ ಆರ್ಟಾ, ಲೋ-ಪಾಲಿಯಾ? ಹಳೇ ಲ್ಯಾಪ್‌ಟಾಪ್‌ನಲ್ಲಿ ಎರಡನ್ನೂ ಆಡಿ ನೋಡಿದೆ

ಹಳೇ ಕಾಲದ ಗೇಮ್‌ಗಳ ಅಂದವನ್ನು ಬೇಕಂತಲೇ ತರುವ ಇಂಡೀ ಗೇಮ್‌ಗಳಲ್ಲಿ, ಅಂದರೆ ಸಣ್ಣ ತಂಡಗಳು ಸ್ವಂತವಾಗಿ ಮಾಡುವ ಗೇಮ್‌ಗಳಲ್ಲಿ, ಎರಡು ಬಗೆ ಜಾಸ್ತಿ. ಒಂದು, ಚುಕ್ಕಿ ಚುಕ್ಕಿ ಇಟ್ಟು ಬಿಡಿಸಿದ ಪಿಕ್ಸೆಲ್ ಆರ್ಟ್. ಇನ್ನೊಂದು, ಮೊದಲ ಪ್ಲೇಸ್ಟೇಷನ್ ಕಾಲದ ಲೋ-ಪಾಲಿ, ಅಂದರೆ ಕೆಲವೇ ತ್ರಿಕೋನಗಳಲ್ಲಿ ಕಟ್ಟಿದ ಮೊಂಡು ಮೊಂಡಾದ 3ಡಿ. ಎರಡನ್ನೂ ದುಡ್ಡು ಕೊಟ್ಟು ತಗೊಂಡು ಆಡಿದ್ದೇನೆ. ನನ್ನ ಓಟು ಲೋ-ಪಾಲಿಗೆ.

ಸೇಲ್‌ನಲ್ಲಿ ತಗೊಂಡ ಒಂದು ಪಿಕ್ಸೆಲ್ ಪ್ಲಾಟ್‌ಫಾರ್ಮರ್ (ಓಡಿ, ಹಾರಿ ದಾಟುವ ಗೇಮ್) ಇದಕ್ಕೆ ಕಾರಣ. ಸ್ಕ್ರೀನ್‌ಶಾಟ್ ನೋಡಿದರೆ ಕಣ್ಣಿಗೆ ಹಬ್ಬ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಕಿದರೆ ಏನೋ ಸರಿ ಇಲ್ಲ ಅನಿಸಿತು. ಪರದೆಗೆ ಮುಖ ಹತ್ತಿರ ತಂದು ನೋಡಿದೆ. ಹೀರೋಗೆ ಒಂದೊಂದೇ ಚುಕ್ಕಿಯ ಎರಡು ಕಣ್ಣು. ಎಡಗಣ್ಣು ಬಲಗಣ್ಣಿಗಿಂತ ಅಗಲ! ಸ್ವಲ್ಪ ಮುಂದೆ ನಡೆಸಿದರೆ ಎಡಗಣ್ಣು ಸಣ್ಣದಾಗಿ ಬಲಗಣ್ಣು ಅಗಲವಾಗುತ್ತಿತ್ತು. ಕ್ಯಾಮೆರಾ ಸರಿದಾಗ ಹಿಂದಿನ ಇಟ್ಟಿಗೆ ಗೋಡೆ ಪೂರ್ತಿ ಮಿಣಮಿಣ ಅನ್ನುತ್ತಿತ್ತು.

ಲೆಕ್ಕ ಹಾಕಿದಾಗ ಗೊತ್ತಾಯಿತು. ಆ ಗೇಮ್‌ನ ಚಿತ್ರದ ಅಳತೆ 320×180. ಹೆಸರುವಾಸಿ ಸೆಲೆಸ್ಟ್ (2018) ಆಟದ್ದೂ ಇದೇ ಅಳತೆ. 1920×1080 ಪರದೆ ಇದ್ದರೆ ಪ್ರತಿ ಚುಕ್ಕಿಯೂ ಸರಿಯಾಗಿ 6 ಪಟ್ಟು ಹಿಗ್ಗುತ್ತದೆ, ತೊಂದರೆಯೇ ಇಲ್ಲ. ನನ್ನದು 1366×768. ಅಲ್ಲಿ 4.27 ಪಟ್ಟು ಹಿಗ್ಗಬೇಕು. ಪಿಕ್ಸೆಲ್ ಅಂದರೆ ಪರದೆಯ ಅತಿ ಸಣ್ಣ ಚುಕ್ಕಿ, ಕಾಲು ಪಿಕ್ಸೆಲ್ ಅನ್ನೋದು ಪರದೆಯಲ್ಲಿ ಇರೋದಿಲ್ಲ ಅಲ್ವಾ? ಹಾಗಾಗಿ ಗೇಮ್‌ನ ಮೂರು ಚುಕ್ಕಿಗೆ ತಲಾ 4 ಪಿಕ್ಸೆಲ್ ಅಗಲ, ನಾಲ್ಕನೆಯದಕ್ಕೆ 5, ಹೆಚ್ಚು ಕಡಿಮೆ ಹೀಗೇ ಹಂಚಿಕೆಯಾಗುತ್ತದೆ. ಅಗಲದ ಜಾಗಗಳು ಪರದೆಯಲ್ಲಿ ಕದಲುವುದಿಲ್ಲ. ಹೀರೋ ಅವುಗಳನ್ನು ದಾಟುವಾಗ ಒಮ್ಮೆ ಈ ಕಣ್ಣು, ಒಮ್ಮೆ ಆ ಕಣ್ಣು ಹಿಗ್ಗುತ್ತದೆ.

ದಾರಿಗಳು ಇವೆ. ಸರಿಯಾಗಿ 4 ಪಟ್ಟಿಗೆ ನಿಲ್ಲಿಸಿದರೆ ಚಿತ್ರ 1280×720 ಆಗುತ್ತದೆ. ಆಗ ಮೇಲೆ ಕೆಳಗೆ 24, ಅಕ್ಕಪಕ್ಕ 43 ಪಿಕ್ಸೆಲ್ ಕಪ್ಪು ಪಟ್ಟಿ. ಮೊದಲೇ ಸಣ್ಣ ಪರದೆ, ಅದರಲ್ಲೂ ಚೌಕಟ್ಟು. ಸ್ಮೂತ್ ಮಾಡುವ ಫಿಲ್ಟರ್ ಹಾಕಿದರೆ ಎಲ್ಲ ಮಸುಕು. ಚೂಪಾದ ಅಂಚೇ ಹೋದ ಮೇಲೆ ಪಿಕ್ಸೆಲ್ ಆರ್ಟ್ ಯಾಕೆ ನೋಡಬೇಕು? ಉಳಿದಿದ್ದು ಹೊಸ ಮಾನಿಟರ್. ಅದರ ದುಡ್ಡಲ್ಲಿ ನನಗೆ ಎಷ್ಟೋ ಗೇಮ್ ಬರುತ್ತವೆ.

ಆಮೇಲೆ ಎ ಶಾರ್ಟ್ ಹೈಕ್ (2019) ಅನ್ನೋ ಲೋ-ಪಾಲಿ ಗೇಮ್ ತಗೊಂಡೆ. ಫೋನ್ ಸಿಗ್ನಲ್ ಸಿಗಲಿ ಅಂತ ಬೆಟ್ಟದ ತುದಿಗೆ ಹೋಗುವ ಹಕ್ಕಿಯ ಕಥೆ. ಇದೂ ದೊಡ್ಡ ದೊಡ್ಡ ಚುಕ್ಕಿಗಳಲ್ಲೇ ಕಾಣಿಸುತ್ತದೆ. ಆದರೆ ಚುಕ್ಕಿಯ ಗಾತ್ರ ಬದಲಿಸಲು ಸೆಟ್ಟಿಂಗ್ಸ್‌ನಲ್ಲೇ ಅವಕಾಶ ಇದೆ. ಅದನ್ನು ಕಡಿಮೆ ಮಾಡಿದೆ, ಮಿಣಮಿಣ ನಿಂತಿತು. ಇಲ್ಲಿ ಕಂಪ್ಯೂಟರ್ ಹತ್ತಿರ ಇರುವುದು ತ್ರಿಕೋನದ ಮೂಲೆಗಳ ಲೆಕ್ಕ. ಪರದೆ ಯಾವ ಅಳತೆಯದಾದರೂ ಅದಕ್ಕೆ ಹೊಸದಾಗಿ ಬಿಡಿಸುತ್ತದೆ. ಪಿಕ್ಸೆಲ್ ಆರ್ಟ್‌ನಲ್ಲಿ ಕೈಯಲ್ಲಿ ಬಿಡಿಸಿದ ಚುಕ್ಕಿಗಳೇ ಮೂಲ, ಅದಕ್ಕಿಂತ ಹಿಂದೆ ಏನೂ ಇಲ್ಲ.

ಲೋ-ಪಾಲಿಯ ನಡುಕದ ಬಗ್ಗೆ ದೂರು ಕೇಳಿರಬಹುದು. 1994ರ ಪ್ಲೇಸ್ಟೇಷನ್ ಮೂಲೆಗಳನ್ನು ಪೂರ್ಣ ಪಿಕ್ಸೆಲ್‌ಗಳಲ್ಲೇ ಕೂರಿಸುತ್ತಿತ್ತು, ಹಾಗಾಗಿ ಕ್ಯಾಮೆರಾ ನಿಧಾನ ಸರಿದರೆ ಅವು ಕುಪ್ಪಳಿಸುತ್ತಿದ್ದವು. ತ್ರಿಕೋನಗಳ ಮೇಲೆ ಅಂಟಿಸುವ ಚಿತ್ರಕ್ಕೆ ದೂರ-ಹತ್ತಿರದ ಲೆಕ್ಕವೇ ಇರಲಿಲ್ಲ, ಹಾಗಾಗಿ ನೆಲದ ಟೈಲ್ಸ್ ಗೆರೆಗಳು ಸೊಟ್ಟಗಾಗುತ್ತಿದ್ದವು. ಈಗಿನ ಎಷ್ಟೋ ಹಾರರ್ ಗೇಮ್‌ಗಳು ಇದನ್ನು ಬೇಕಂತಲೇ ತರುತ್ತವೆ. ನನಗೆ ಇದು ತುಂಬಾ ಇಷ್ಟ. ಗೋಡೆಯೇ ನಂಬಿಕೆಗೆ ಅರ್ಹ ಅಲ್ಲ ಅನಿಸಿದಾಗ ಹೆದರಿಕೆ ತಾನಾಗಿ ಬರುತ್ತದೆ.

ಕ್ರೋ ಕಂಟ್ರಿ (2024) ಅನ್ನೋ ಲೋ-ಪಾಲಿ ಹಾರರ್ ಗೇಮ್‌ನಲ್ಲಿ ಮುಚ್ಚಿಹೋದ ಅಮ್ಯೂಸ್‌ಮೆಂಟ್ ಪಾರ್ಕ್ ಒಂದಿದೆ. ಅಲ್ಲಿ ಕ್ಯಾಮೆರಾ ಸುತ್ತಲೂ ತಿರುಗಿಸಬಹುದು. ಒಂದು ಸಾಮಾನು ಕಂಡರೆ ಅದರ ಹಿಂದೆ ಏನಿದೆ ಅಂತ ಇಣುಕಬಹುದು. ಈ ಇಣುಕುವ ಸುಖ ಪಿಕ್ಸೆಲ್‌ನಲ್ಲಿ ನನಗೆ ಸಿಗಲಿಲ್ಲ.

ಕೈಕೆಲಸದಲ್ಲಿ ಮಾತ್ರ ಪಿಕ್ಸೆಲ್ ಆರ್ಟೇ ಮೇಲು. ಸ್ಟಾರ್ಡ್ಯೂ ವ್ಯಾಲಿ (2016) ಅನ್ನೋ ಬೇಸಾಯದ ಗೇಮ್‌ನ ಚಿತ್ರಗಳನ್ನೆಲ್ಲ ಎರಿಕ್ ಬರೋನ್ ಒಬ್ಬರೇ ಬಿಡಿಸಿದರು. ಬರೀ 16×16ರ ಚೌಕದಲ್ಲಿ ಒಂದು ಕುಂಬಳಕಾಯಿಯನ್ನು ಗುರುತು ಸಿಗುವ ಹಾಗೆ ಬಿಡಿಸೋದು ಸುಮ್ನೆ ಮಾತಲ್ಲ.

ನಾನು ಆಡುವುದು ರಾತ್ರಿ ಊಟ ಆದಮೇಲೆ, ಇದೇ ಲ್ಯಾಪ್‌ಟಾಪ್‌ನಲ್ಲಿ, ಸೇಲ್‌ನಲ್ಲಿ ಸಿಕ್ಕಿದ್ದನ್ನು. ಹಾಗಾಗಿ ಲೋ-ಪಾಲಿಯೇ ಸಾಕು. ನಿಮ್ಮದು 1080 ಪರದೆ ಆಗಿದ್ದರೆ ಧೈರ್ಯವಾಗಿ ಸೆಲೆಸ್ಟ್ ತಗೊಳ್ಳಿ. 768 ಪರದೆಯವರು ಯಾವ ಪಿಕ್ಸೆಲ್ ಗೇಮ್ ತಗೊಂಡರೂ ಮೊದಲು ಇಟ್ಟಿಗೆ ಗೋಡೆಯೋ ಮೆಟ್ಟಿಲೋ ಇರುವ ಜಾಗಕ್ಕೆ ಹೋಗಿ, ನಿಧಾನಕ್ಕೆ ಎಡಕ್ಕೆ ಬಲಕ್ಕೆ ನಡೆದು ನೋಡಿ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ತಗೊಂಡು 14 ದಿನ ದಾಟಿರಬಾರದು, ಆಡಿದ್ದು 2 ಗಂಟೆಯೊಳಗೆ ಇರಬೇಕು, ಆಗ ದುಡ್ಡು ವಾಪಸ್ ಕೇಳಬಹುದು.